ಬೈದರೂ ಗೈರುಹಾಜರಿ ನಿಲ್ಲದ ಹೊಲಿಗೆ ಲೈನ್: ದಾವಣಗೆರೆಯ ಸೂಪರ್‌ವೈಸರ್‌ಗೆ ಉತ್ತರ

ನಮಸ್ಕಾರ ಸರ್. ನಿಮ್ಮ ಗಾರ್ಮೆಂಟ್ ಕಾರ್ಖಾನೆಯ 40 ಜನರ ಹೊಲಿಗೆ ಲೈನಿನಲ್ಲಿ ದಿನಾ ಏಳೆಂಟು ಹೆಣ್ಣುಮಕ್ಕಳು ಗೈರು, ಬೈದರೂ ಸರಿಹೋಗ್ತಿಲ್ಲ ಅಂದಿದ್ದೀರಿ. ಮೊದಲು ಬೈಯೋದನ್ನೇ ನಿಲ್ಲಿಸಿ. ಎಲ್ಲರೆದುರು ಬೈಸಿಕೊಂಡವರು ತಪ್ಪು ಹೊಲಿಗೆಯನ್ನು ಬಚ್ಚಿಡ್ತಾರೆ. ಕೊನೆಯ ತಪಾಸಣೆಯಲ್ಲಿ ಸಿಕ್ಕಾಗ ಇಡೀ ಬಂಡಲ್ (ಒಟ್ಟಿಗೆ ಕಟ್ಟಿದ ಬಟ್ಟೆಗಳ ಕಟ್ಟು) ಹೊಲಿಗೆ ಬಿಚ್ಚಬೇಕಾಗುತ್ತೆ.

ಕಳೆದ 4 ವಾರದ ಹಾಜರಿ ಪುಸ್ತಕ ತೆಗೆದು ಪ್ರತಿ ಗೈರಿನ ಮುಂದೆ ವಾರದ ಯಾವ ದಿನ, ಯಾವ ಊರು, ಏನು ಕಾರಣ ಅಂತ ಬರೆಯಿರಿ. ಜಗಳೂರು ಕಡೆಯವರೇ ತಪ್ಪಿಸ್ತಿದ್ದರೆ ಅದು ಸೋಮಾರಿತನ ಅಲ್ಲ, ಬಸ್ಸಿನ ಸಮಯ. ಬಸ್ ತಡವಾದರೆ ಗೇಟಿನಿಂದ ವಾಪಸ್ ಕಳಿಸ್ತಾರೆ ಅನ್ನೋ ಭಯಕ್ಕೆ ಅವರು ಹೊರಡೋದೇ ಇಲ್ಲ. ಅಂಥವರ ಪಾಳಿ 15 ನಿಮಿಷ ತಡವಾಗಿ ಶುರುವಾಗಲಿ. ಆ ಹೊತ್ತನ್ನು ಸಂಜೆ ತುಂಬಿಸೋ ಮುಂಚೆ ಮರಳುವ ಬಸ್ಸನ್ನೂ ಕೇಳಿ, ಇದನ್ನು ಮರೆತೇ ಬಹಳ ಕಡೆ ಕೆಟ್ಟಿದೆ.

ದಿನಕ್ಕೆ ಇಬ್ಬರ ಹತ್ತಿರ, ಅವರ ಮಿಷಿನ್ ಪಕ್ಕದಲ್ಲೇ, 5 ನಿಮಿಷ ಕೂತು ಮಾತಾಡಿ. 20 ಕೆಲಸದ ದಿನಕ್ಕೆ ಎಲ್ಲರೂ ಮುಗೀತಾರೆ. ‘ಏನಮ್ಮಾ ತೊಂದರೆ?’ ಅಂದರೆ ‘ಏನಿಲ್ಲ ಸರ್’ ಅಂತಾರೆ. ‘ನಿನ್ನೆ ಎಲ್ಲಿ ಕೈ ನಿಂತಿತು?’ ಅಂತ ಕೇಳಿ. ಹೇಳಿದ್ದರಲ್ಲಿ ಒಂದನ್ನಾದರೂ ಎರಡು ದಿನದೊಳಗೆ ಸರಿಮಾಡಿ. ಇಲ್ಲದಿದ್ದರೆ ಮತ್ತೆ ಯಾರೂ ಬಾಯಿ ಬಿಡಲ್ಲ.

ನಿಮ್ಮೂರ ದುಗ್ಗಮ್ಮನ ಜಾತ್ರೆ ಇರೋ ವರ್ಷ ರಜೆ ಪಟ್ಟಿಯನ್ನು ಒಂದು ತಿಂಗಳು ಮುಂಚೆಯೇ ಬರೆಸಿಕೊಳ್ಳಿ, ಒಬ್ಬರು ಗೈರಾದರೂ ಲೈನ್ ನಿಲ್ಲದಂತೆ ಕಾಲರ್ ಹೊಲಿಯೋ ಕೆಲಸವನ್ನು ಮೂವರಿಗಾದರೂ ಕಲಿಸಿಡಿ.