ಅಮೃತಬಳ್ಳಿ ರಸ ಅವ್ವನ ಕಿಡ್ನಿಯನ್ನು ಕಾಯುತ್ತದೆಯೇ?

ಪ್ರಶ್ನೆ: ನಮ್ಮ ಅವ್ವನಿಗೆ ಗರ್ಭಕಂಠದ ಕ್ಯಾನ್ಸರ್. ಕಲಬುರಗಿಯಲ್ಲಿ ಕರೆಂಟ್ (ರೇಡಿಯೇಶನ್) ಕೊಡಿಸುತ್ತಿದ್ದೇವೆ, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಏರಿಸುತ್ತಾರೆ. ಅದರಿಂದ ಕಿಡ್ನಿ ಕೆಡುತ್ತದೆ, ಅಮೃತಬಳ್ಳಿ ರಸ ಕುಡಿದರೆ ಉಳಿಯುತ್ತದೆ, ಇಲಿಗಳಲ್ಲಿ ಸಾಬೀತಾಗಿದೆ ಎನ್ನುತ್ತಾರೆ. ಡಾಕ್ಟರಿಗೆ ಹೇಳದೆ ಕೊಡಬಹುದೇ ಮೇಡಂ?
– ಒಬ್ಬ ಮಗಳು, ಸೇಡಂ ತಾಲ್ಲೂಕು

ಉತ್ತರ: ಬೇಡ ತಂಗಿ. ಹೇಳದೆಯಂತೂ ಬೇಡವೇ ಬೇಡ.

ನಾನು ಔಷಧಶಾಸ್ತ್ರ ಕಲಿಸುತ್ತಿದ್ದವಳು, ಇಂಥ ಪ್ರಯೋಗಗಳನ್ನು ಹತ್ತಿರದಿಂದ ಕಂಡವಳು. ಸಾಮಾನ್ಯವಾಗಿ ಇಲಿಗೆ ಕೆಲವು ದಿನ ಮೊದಲೇ ಗಿಡದ ಸಾರ ಕುಡಿಸಿ, ಆಮೇಲೆ ಒಂದು ದೊಡ್ಡ ಡೋಸ್ ಸಿಸ್‌ಪ್ಲಾಟಿನ್ ಚುಚ್ಚುತ್ತಾರೆ. ಕಿಡ್ನಿ ಕೆಟ್ಟರೆ ರಕ್ತದಲ್ಲಿ ಏರುವ ಯೂರಿಯಾ, ಕ್ರಿಯಾಟಿನಿನ್ ಅಷ್ಟಾಗಿ ಏರದಿದ್ದರೆ ರಕ್ಷಣೆ ಸಿಕ್ಕಿತು ಎಂದು ಬರೆಯುತ್ತಾರೆ. ಬರೆದದ್ದು ಸುಳ್ಳಲ್ಲ. ಆದರೆ ಅಂಥ ಇಲಿಗಳಲ್ಲಿ ಹೆಚ್ಚಿನವಕ್ಕೆ ಕ್ಯಾನ್ಸರ್ ಗಡ್ಡೆಯೇ ಇರುವುದಿಲ್ಲ. ಕಿಡ್ನಿಯನ್ನು ಕಾಯ್ದ ಸಾರ ಗಡ್ಡೆಯನ್ನೂ ಸಿಸ್‌ಪ್ಲಾಟಿನ್‌ನಿಂದ ಕಾಯುತ್ತದೆಯೇ ಎಂಬುದು ಅಲ್ಲಿ ತಿಳಿಯುವುದೇ ಇಲ್ಲ. ನಿಮ್ಮ ಅವ್ವನ ಮಟ್ಟಿಗೆ ತಿಳಿಯಬೇಕಾದದ್ದು ಅದೇ.

ಇನ್ನೊಂದು ಭಯ ಲಿವರಿನದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಲಿವರ್ ಕೆಟ್ಟದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಕೀಮೋ ನಡೆಯುವಾಗ ಆ ಜಗಳದ ನಡುವೆ ಅವ್ವನನ್ನು ನಿಲ್ಲಿಸುವುದು ಬೇಡ.

ಗಿಡಗಳ ಮೇಲೆ ನನಗೆ ಬಹಳ ಗೌರವವಿದೆ. ಅಂಗಳದ ನಿತ್ಯಪುಷ್ಪದಿಂದಲೇ ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿ ಬಂದಿದೆ. ಅದನ್ನು ಶುದ್ಧಮಾಡಿ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಮನೆಯಲ್ಲಿ ಜಜ್ಜಿ ಹಿಂಡಿದ ರಸಕ್ಕೆ ಆ ಅಳತೆ ಎಲ್ಲಿಂದ ಬರಬೇಕು?

ಕಿಡ್ನಿಯನ್ನು ನಿಜವಾಗಿ ಕಾಯುವುದು ನೀರು. ಸಿಸ್‌ಪ್ಲಾಟಿನ್ ಕೊಡುವಾಗ ಸಲೈನ್ ಏರಿಸುವುದು ಇದಕ್ಕಾಗಿಯೇ. ಬೇಗ ಮುಗಿಸಿ ಬಸ್ ಹಿಡಿಯೋಣ ಎಂದು ಅವಸರ ಮಾಡಬೇಡಿ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ವಾಂತಿಯೂ ಸೇರಿದರೆ ದೇಹ ಒಣಗಿ ಕಿಡ್ನಿಗೆ ಪೆಟ್ಟು ಬೀಳುತ್ತದೆ. ದಿನಕ್ಕೆ ಎಷ್ಟು ನೀರು ಎಂದು ಡಾಕ್ಟರನ್ನೇ ಕೇಳಿ, ಅಷ್ಟನ್ನೂ ಕುಡಿಸಿ. ನೀರೂ ನಿಲ್ಲದಷ್ಟು ವಾಂತಿಯಾದರೆ, ಮೂತ್ರ ಕಡಿಮೆಯಾದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಹೋಗಿ. ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ಮಾತ್ರೆ ತಂದು ನುಂಗಿಸಬೇಡಿ. ಕಿಡ್ನಿಗೆ ಅದೂ ಕೆಟ್ಟದ್ದೇ.

ರಸ ಈಗಾಗಲೇ ಶುರುವಾಗಿದ್ದರೆ ಇಂದೇ ನಿಲ್ಲಿಸಿ, ಮುಂದಿನ ಭೇಟಿಗೆ ಬಾಟಲಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಬೈದರೆ ಬೈಯಲಿ, ಲಿವರಿನ ರಕ್ತ ಪರೀಕ್ಷೆಯನ್ನೂ ಮಾಡಿಸಲು ಅವರಿಗೆ ಗೊತ್ತಾಗಬೇಕು.