‘ನನಗೆ ಗೊತ್ತು’ ಅನ್ನುವವರು ಕಾದಂಬರಿ ಬರೆದಾಗ

ಮಾರ್ಮನ್ನರು ಅಂದರೆ ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥದ ಜನ. ನೀವು ಕೇಳಿದ್ದು ಇಷ್ಟು: ಮಾರ್ಮನ್ ಸಾಹಿತ್ಯ ಅಂತ ನಿಜವಾಗಿಯೂ ಒಂದಿದೆಯಾ? ಅಷ್ಟು ಗಟ್ಟಿಯಾಗಿ ನಂಬುವವರು ಪ್ರಚಾರಕ್ಕಿಳಿಯದೆ ಕಾದಂಬರಿ ಬರೆಯೋಕೆ ಆಗುತ್ತಾ?

ಇದೆ. ಆಗುತ್ತೆ ಕೂಡ. ಆದರೆ ಅದು ಅವರಿಗೆ ಸುಲಭವಾಗಿ ಕೈಗೆ ಬಂದದ್ದಲ್ಲ. ನಾನು ಮಾರ್ಮನ್ ಅಲ್ಲ. ಓದಿಗಾಗಿ ಅಮೆರಿಕದ ಯೂಟಾ ರಾಜ್ಯದಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿ ಒಂದು ಭಾನುವಾರ ಪಕ್ಕದ ಮನೆಯವರು ತಮ್ಮ ಚರ್ಚಿಗೆ ಕರೆದರು. ತಿಂಗಳ ಮೊದಲ ಭಾನುವಾರ ಅವರಿಗೆ ಉಪವಾಸ. ಅವತ್ತು ಸಿದ್ಧ ಪ್ರವಚನ ಇರುವುದಿಲ್ಲ. ಮನಸ್ಸು ಬಂದವರು ಎದ್ದು ಹೋಗಿ ಮೈಕಿನ ಮುಂದೆ ತಮ್ಮ ನಂಬಿಕೆಗೆ ಸಾಕ್ಷಿ ಹೇಳುತ್ತಾರೆ. ಒಬ್ಬ ಅಜ್ಜಿ ಹೋದರು, ಒಬ್ಬ ಪುಟ್ಟ ಹುಡುಗ ಹೋದ. ‘ನಂಬುತ್ತೇನೆ’ ಅಂದವರು ಕಡಿಮೆ. ‘ಇದು ಸತ್ಯ ಅಂತ ನನಗೆ ಗೊತ್ತು’ ಅಂದವರೇ ಜಾಸ್ತಿ.

ಆ ‘ಗೊತ್ತು’ ಅನ್ನುವ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಯಾಕೆಂದರೆ ಕಥೆ ಹುಟ್ಟುವುದೇ ಗೊತ್ತಿಲ್ಲದ ಜಾಗದಲ್ಲಿ, ಅಲ್ವಾ?

ಮಾರ್ಮನ್ನರ ಚರ್ಚ್ ಶುರುವಾದದ್ದು 1830ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಸ್ಥಾಪಕ ಜೋಸೆಫ್ ಸ್ಮಿತ್. 1844ರಲ್ಲಿ ಅವರನ್ನು ಗುಂಪೊಂದು ಕೊಂದಿತು. ಅವರ ನಂತರದ ನಾಯಕ ಬ್ರಿಗಮ್ ಯಂಗ್ ಹಿಂದೆ ನಡೆದ ಜನ 1847ರಲ್ಲಿ ಯೂಟಾದ ಸಾಲ್ಟ್ ಲೇಕ್ ಕಣಿವೆ ತಲುಪಿದರು. ನೆಲೆ ನಿಂತ ಮೇಲೆ ಸಾಹಿತ್ಯದ ಆಸೆ ಹುಟ್ಟಿತು. 1888ರಲ್ಲಿ ಆರ್ಸನ್ ವಿಟ್ನಿ ಅನ್ನುವ ಬಿಷಪ್ ಒಂದು ಭಾಷಣದಲ್ಲಿ, ನಮ್ಮಲ್ಲೂ ಮಿಲ್ಟನ್, ಶೇಕ್ಸ್‌ಪಿಯರ್ ಹುಟ್ಟುತ್ತಾರೆ ಅಂದರು. ಮಾರ್ಮನ್ ವಿಮರ್ಶಕರು ಇವತ್ತಿಗೂ ಆ ಮಾತನ್ನು ಎತ್ತುತ್ತಾರೆ.

ಹತ್ತು ವರ್ಷದ ನಂತರ ನೀಫೈ ಆಂಡರ್ಸನ್ ‘ಆ್ಯಡೆಡ್ ಅಪಾನ್’ ಬರೆದರು. ಆತ್ಮಗಳು ಹುಟ್ಟುವ ಮುಂಚೆ ಇರುವ ಲೋಕ, ಭೂಮಿಯ ಬದುಕು, ಸತ್ತ ಮೇಲಿನ ಲೋಕ, ಮೂರೂ ಒಂದೇ ಕಾದಂಬರಿಯಲ್ಲಿ. ಕಲ್ಪನೆ ತುಂಬಾ ದೊಡ್ಡದು, ನನಗೆ ಅದರ ಮೇಲೆ ಗೌರವ ಇದೆ. ಆದರೆ ಓದುವಾಗ ಎದೆ ಹೊಡೆದುಕೊಳ್ಳುವುದಿಲ್ಲ. ಯಾರು ಎಲ್ಲಿಗೆ ತಲುಪುತ್ತಾರೆ ಅಂತ ಲೇಖಕರಿಗೆ ಮೊದಲೇ ಗೊತ್ತು. ಪಾತ್ರಗಳಿಗೆ ತಪ್ಪು ದಾರಿ ಹಿಡಿಯುವ ಸ್ವಾತಂತ್ರ್ಯವೇ ಇಲ್ಲ.

ಈಗ 1941ಕ್ಕೆ ಬನ್ನಿ. ಮೊರೀನ್ ವಿಪಲ್ ಅವರ ‘ದಿ ಜೈಂಟ್ ಜೋಶುವಾ’. ಈ ಪುಸ್ತಕಕ್ಕಾಗಿಯೇ ನಾನು ಇಷ್ಟೆಲ್ಲಾ ಬರೆಯುತ್ತಿದ್ದೇನೆ ಅಂದರೂ ತಪ್ಪಿಲ್ಲ. 1861ರಲ್ಲಿ ಯೂಟಾದ ದಕ್ಷಿಣದ ಮರುಭೂಮಿಗೆ ಗಾಡಿಗಳಲ್ಲಿ ಹೊರಟ ಜನ ಸೇಂಟ್ ಜಾರ್ಜ್ ಊರು ಕಟ್ಟುತ್ತಾರೆ. ಅವರಲ್ಲಿ ಕ್ಲೋರಿ ಒಬ್ಬಳು. ಇನ್ನೂ ಹುಡುಗಿ, ಅಬೈಜಾ ಅನ್ನುವವನಿಗೆ ಮೂರನೇ ಹೆಂಡತಿ. ಆ ಮನೆಯಲ್ಲಿ ಅವಳ ವಯಸ್ಸಿಗೆ ಹತ್ತಿರ ಇರುವವನು ಗಂಡನಲ್ಲ, ಮೊದಲ ಹೆಂಡತಿಯ ಮಗ. ಅವಳಿಗೂ ಒಂದು ಸಾಕ್ಷಿ ಬೇಕು, ‘ಗೊತ್ತು’ ಅನ್ನಬೇಕು ಅಂತ ಆಸೆ. ಅದು ಬೇಗ ಬರುವುದಿಲ್ಲ. ಕಾದಂಬರಿಯ ಉದ್ದಕ್ಕೂ ಅವಳು ಕಾಯುತ್ತಾಳೆ. ಹೆರುತ್ತಾಳೆ, ಮಕ್ಕಳನ್ನು ಕಳೆದುಕೊಳ್ಳುತ್ತಾಳೆ, ನಗುತ್ತಾಳೆ.

ವಿಪಲ್ ಹುಟ್ಟಿದ್ದೇ ಸೇಂಟ್ ಜಾರ್ಜ್‌ನಲ್ಲಿ. ಆಗಿನ ಮಾರ್ಮನ್ನರಲ್ಲಿದ್ದ ಬಹುಪತ್ನಿತ್ವವನ್ನು ಅವರು ಹೊಗಳುವುದೂ ಇಲ್ಲ, ಹೊರಗೆ ನಿಂತು ಬೈಯುವುದೂ ಇಲ್ಲ. ಅದು ಒಂದು ಅಡುಗೆಮನೆಯಲ್ಲಿ ಹೇಗಿತ್ತು ಅಂತ ತೋರಿಸುತ್ತಾರೆ. ನಂಬಿಕೆಯ ಪ್ರಶ್ನೆಗೆ ಕೊನೆಯಲ್ಲಿ ಉತ್ತರ ಸಿಕ್ಕರೂ, ಕ್ಲೋರಿ ಅದಕ್ಕೆ ಬೆಲೆ ತೆತ್ತಿರುತ್ತಾಳೆ. ಅದಕ್ಕೇ ನಾವು ಒಪ್ಪುತ್ತೇವೆ. ಮೂರು ಭಾಗಗಳ ಯೋಜನೆ ಇತ್ತು, ಮುಂದಿನ ಎರಡು ಬರಲೇ ಇಲ್ಲ. ನೆನೆದಾಗಲೆಲ್ಲ ಬೇಜಾರಾಗುತ್ತದೆ.

ಕಸುಬಿನ ಇನ್ನೊಂದು ತೊಡಕು ವಿವರಣೆ. ಹೊರಗಿನವರಿಗೆ ಎಷ್ಟು ಬಿಡಿಸಿ ಹೇಳಬೇಕು? ಲೀವೈ ಪೀಟರ್ಸನ್ 1986ರಲ್ಲಿ ‘ದಿ ಬ್ಯಾಕ್‌ಸ್ಲೈಡರ್’ ಬರೆದರು. ದೇವರಿಗೆ ಹೆದರಿ ಹೆದರಿ ಸೊರಗಿದ ಒಬ್ಬ ಕೌಬಾಯ್ ಹುಡುಗನ ಕಥೆ. ಕೊನೆಯಲ್ಲಿ ಅವನಿಗೆ ಯೇಸು ಕಾಣುತ್ತಾನೆ. ಕುದುರೆ ಮೇಲೆ, ಕೌಬಾಯ್ ಆಗಿ, ಸಿಗರೇಟು ಸೇದುತ್ತಾ. ಮಾರ್ಮನ್ನರಿಗೆ ತಂಬಾಕು ನಿಷಿದ್ಧ, ಕಾಫಿ ಟೀ ಕೂಡ. ಇದು ಗೊತ್ತಿದ್ದವರಿಗೆ ಆ ಒಂದು ಸಿಗರೇಟು ಮೈ ಜುಮ್ಮೆನ್ನಿಸುತ್ತದೆ. ಆ ಹುಡುಗನ ಹೆದರಿಕೆಯೆಲ್ಲ ಅಲ್ಲಿ ಕರಗುತ್ತದೆ. ಗೊತ್ತಿಲ್ಲದವರೂ ಅಷ್ಟು ಹೊತ್ತಿಗೆ ಅವನ ಜೊತೆ ಬದುಕಿರುತ್ತಾರೆ, ಹಾಗಾಗಿ ಅವರಿಗೂ ಮುಟ್ಟುತ್ತದೆ.

ವಿಮರ್ಶೆಗೂ ಅಲ್ಲಿ ಒಳ್ಳೆಯ ನೆಲೆ ಇದೆ. 1966ರಲ್ಲಿ ‘ಡೈಲಾಗ್’ ಪತ್ರಿಕೆ ಶುರುವಾಯಿತು, 1976ರಲ್ಲಿ ಮಾರ್ಮನ್ ಸಾಹಿತ್ಯಕ್ಕೇ ಒಂದು ಸಂಘ. 1990ರ ದಶಕದ ಮೊದಲಿಗೆ ಇಬ್ಬರು ಪ್ರಾಧ್ಯಾಪಕರು ಅಲ್ಲಿ ಜೋರಾಗಿ ವಾದ ಮಾಡಿದರು. ಬ್ರೂಸ್ ಯಾರ್ಗೆನ್ಸನ್ ಅವರ ಪ್ರಕಾರ ಕಥೆ ಅಂದರೆ ಅಪರಿಚಿತನಿಗೆ ಬಾಗಿಲು ತೆಗೆದು, ಅವನ ಮಾತು ಕೇಳುವುದು. ರಿಚರ್ಡ್ ಕ್ರಾಕ್ರಾಫ್ಟ್ ಒಪ್ಪಲಿಲ್ಲ. ನಮ್ಮ ನಂಬಿಕೆಯ ಜೀವ ಅದರಲ್ಲಿ ಇಲ್ಲದಿದ್ದರೆ ಅದು ಮಾರ್ಮನ್ ಸಾಹಿತ್ಯ ಹೇಗಾಗುತ್ತೆ ಅಂದರು. ನನ್ನ ಮನಸ್ಸು ಯಾರ್ಗೆನ್ಸನ್ ಕಡೆಗೆ. ಹಾಗಂತ ಕ್ರಾಕ್ರಾಫ್ಟ್ ಅವರ ಭಯ ಸುಳ್ಳಲ್ಲ. ಹೊರಗಿನವರ ಮೆಚ್ಚುಗೆಗಾಗಿ ತಮ್ಮವರನ್ನು ಸುಮ್ನೆ ಮೂಢರಂತೆ ಚಿತ್ರಿಸುವ ಪುಸ್ತಕಗಳೂ ಬರುತ್ತವೆ.

ಇನ್ನೊಂದು ವಿಷಯ ಹೇಳಲೇಬೇಕು. ‘ನಂಬಲಾಗದ ನಿರೂಪಕ’, ಅಂದರೆ ಕಥೆ ಹೇಳುವವನ ಮಾತನ್ನೇ ಪೂರ್ತಿ ನಂಬುವಂತಿಲ್ಲ ಅನ್ನುವ ಮಾತನ್ನು ನಾವೆಲ್ಲ ಬಳಸುತ್ತೇವಲ್ಲ, 1961ರಲ್ಲಿ ಅದನ್ನು ವಿಮರ್ಶೆಗೆ ಕೊಟ್ಟ ವೇಯ್ನ್ ಬೂತ್ ಯೂಟಾದ ಮಾರ್ಮನ್ ಮನೆಯ ಹುಡುಗ. ‘ಗೊತ್ತು’ ಅನ್ನುವ ಸಾಕ್ಷಿಗಳನ್ನು ಕೇಳಿ ಬೆಳೆದವನಿಗೆ, ಹೇಳುವವನ ದನಿಯ ಮೇಲೆ ಅಷ್ಟು ಕಿವಿ ಇದ್ದದ್ದು ನನಗೆ ಆಶ್ಚರ್ಯ ಅನ್ನಿಸುವುದಿಲ್ಲ.

ವೈಜ್ಞಾನಿಕ ಕಾದಂಬರಿ, ಫ್ಯಾಂಟಸಿ ಬರೆಯುವ ಆರ್ಸನ್ ಸ್ಕಾಟ್ ಕಾರ್ಡ್, ಬ್ರ್ಯಾಂಡನ್ ಸ್ಯಾಂಡರ್ಸನ್ ಇವರೂ ಮಾರ್ಮನ್ನರೇ. ನೀವು ಆಗಲೇ ಓದಿರಬಹುದು. ಹೊಸದಾಗಿ ಶುರು ಮಾಡುವುದಾದರೆ ವಿಪಲ್ ಅವರಿಂದ ಶುರು ಮಾಡಿ. ದಪ್ಪ ಪುಸ್ತಕ, ಮೊದಲ ಪುಟಗಳಲ್ಲಿ ಹೆಸರುಗಳು ಗೊಂದಲ ಮಾಡುತ್ತವೆ. ಗಾಡಿಗಳು ಬಿಸಿಲಿಗೆ ಇಳಿಯುವವರೆಗೆ ತಾಳ್ಮೆ ಇರಲಿ.