ಜಪಾನಿನ ಹಳ್ಳಿಗಾಡಿನಲ್ಲಿ ಸೈಕಲ್ ಪ್ರವಾಸ: ಗೈಡ್ ಬೇಕೇ, ನಾವೇ ಹೋದರೆ ಸಾಕೇ?

ನಿಮ್ಮ ಪ್ರಶ್ನೆಯನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಅಕ್ಟೋಬರ್‌ನಲ್ಲಿ ತಾಯಿಯವರನ್ನು ಕರೆದುಕೊಂಡು ಜಪಾನಿಗೆ ಬರುತ್ತಿದ್ದೀರಿ. ಟೋಕಿಯೋ, ಕ್ಯೋಟೋ ಮುಗಿದ ಮೇಲೆ ಒಂದು ದಿನ ಹಳ್ಳಿಯ ಕಡೆ ಸೈಕಲ್ ತುಳಿಯುವ ಆಸೆ ಇದೆ. ಗೈಡ್ ಇರುವ ಪ್ರವಾಸದ ದರ ನೋಡಿ ಕೈ ಹಿಂದೆಗೆದಿದ್ದೀರಿ. ಸೈಕಲ್ ಬಾಡಿಗೆಗೆ ಪಡೆದು ಮೊಬೈಲ್‌ನ ನಕ್ಷೆ ನೋಡಿಕೊಂಡು ನಾವೇ ಹೋದರೆ ಆಗದೇ ಎಂದು ಕೇಳಿದ್ದೀರಿ. ಜೊತೆಗೆ ನೀವಿಬ್ಬರೂ ಸಸ್ಯಾಹಾರಿಗಳು, ಜಪಾನಿ ಭಾಷೆ ಬರುವುದಿಲ್ಲ.

ನಾನು ನಾಗೋಯಾದಲ್ಲಿ ನೌಕರಿಯಲ್ಲಿದ್ದೇನೆ. ರಜೆ ಸಿಕ್ಕಾಗಲೆಲ್ಲ ಸೈಕಲ್ ಹತ್ತುವವನು. ಒಬ್ಬನೇ ಹೋದದ್ದೂ ಉಂಟು, ಗೈಡ್ ಹಿಂದೆ ಸಾಲಾಗಿ ಹೋದದ್ದೂ ಉಂಟು. ನನ್ನ ಉತ್ತರ ನೀವು ಯಾವ ಜಾಗವನ್ನು ಆರಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ದಾರಿಯೇ ಮುಖ್ಯವಾದ ಕಡೆ ಗೈಡ್ ಬೇಡ. ಜನ ದುಡಿದು ಬದುಕುತ್ತಿರುವ ಊರನ್ನು ನೋಡುವುದಾದರೆ ಗೈಡ್ ಬೇಕೇ ಬೇಕು.

ಮೊದಲನೆಯದಕ್ಕೆ ಒಳ್ಳೆಯ ಉದಾಹರಣೆ ಶಿಮಾನಾಮಿ ಕೈದೋ. ಹಿರೋಶಿಮಾ ಪ್ರಾಂತದ ಒನೊಮಿಚಿಯಿಂದ ಎಹಿಮೆ ಪ್ರಾಂತದ ಇಮಾಬಾರಿಯವರೆಗೆ, ಆರು ದ್ವೀಪಗಳನ್ನು ಸೇತುವೆಗಳಿಂದ ಪೋಣಿಸಿದ ಸುಮಾರು 70 ಕಿಲೋಮೀಟರ್ ದಾರಿ. ಈ ಸೇತುವೆಗಳ ಸರಣಿ 1999ರಲ್ಲಿ ಪೂರ್ತಿಯಾಯಿತು. ರಸ್ತೆಯ ಅಂಚಿನಲ್ಲಿ ನೀಲಿ ಗೆರೆ ಎಳೆದಿದ್ದಾರೆ; ಅದನ್ನು ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ. ಸೇತುವೆಗೆ ಏರುವ ಸೈಕಲ್ ದಾರಿಯ ಇಳಿಜಾರನ್ನು ಕೂಡ ಮೆಲ್ಲಗಾಗಿಯೇ ಕಟ್ಟಿದ್ದಾರೆ. ಒಂದು ಕಡೆ ಬಾಡಿಗೆಗೆ ಪಡೆದ ಸಾಧಾರಣ ಸೈಕಲ್ಲನ್ನು ಇನ್ನೊಂದು ಕಡೆ ಒಪ್ಪಿಸಿ ಬರಬಹುದು. ಸಮುದ್ರ, ನಿಂಬೆ ಮತ್ತು ಕಿತ್ತಳೆಯ ತೋಟಗಳು, ಗಾಳಿ, ಇವುಗಳನ್ನು ಸವಿಯಲು ಯಾರೂ ಪಕ್ಕದಲ್ಲಿ ನಿಂತು ವಿವರಿಸಬೇಕಿಲ್ಲ. ಅಲ್ಲಿಗೆ ಹೋಗುವುದಾದರೆ ದುಡ್ಡು ಉಳಿಸಿ.

ಆದರೆ ನೀವು ಬರೆದಿರುವುದು ಹಳ್ಳಿಗಾಡು, ಗದ್ದೆ, ಮರದ ಮನೆಗಳು. ಅದಕ್ಕೆ ನಾನು ಹೇಳುವ ಊರು ಹಿದಾ ಫುರುಕಾವಾ. ಗಿಫು ಪ್ರಾಂತದ ಉತ್ತರದಲ್ಲಿ ಬೆಟ್ಟಗಳ ನಡುವಿನ ಬಟ್ಟಲಿನಂಥ ಕಣಿವೆ. ಪ್ರವಾಸಿಗರು ತುಂಬಿ ತುಳುಕುವ ತಕಾಯಾಮಾದಿಂದ ರೈಲಿನಲ್ಲಿ ಕಾಲು ಗಂಟೆ ಅಷ್ಟೇ, ಆದರೆ ಹೆಚ್ಚಿನವರು ತಕಾಯಾಮಾದಲ್ಲೇ ಇಳಿದು ಹಿಂದಿರುಗುತ್ತಾರೆ. 2004ರಲ್ಲಿ ಎರಡು ಪಟ್ಟಣ ಮತ್ತು ಎರಡು ಹಳ್ಳಿಗಳು ಸೇರಿ ಹಿದಾ ನಗರ ಎಂದಾಯಿತು. ನಗರ ಎಂಬುದು ಕಾಗದದ ಮೇಲಿನ ಮಾತು. ಅದರ ನೆಲದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಕಾಡು. ಇಲ್ಲಿ ಊರಿನವರೇ ನಡೆಸುವ ಗೈಡ್ ಸಹಿತ ಸೈಕಲ್ ಪ್ರವಾಸಗಳಿವೆ. ಸುಮಾರು ಮೂರು, ಮೂರೂವರೆ ತಾಸು, ಇಪ್ಪತ್ತು ಕಿಲೋಮೀಟರ್‌ನ ಆಸುಪಾಸು. ಹೆಚ್ಚುಕಡಿಮೆ ಸಮತಟ್ಟಾದ ದಾರಿ. ಇಪ್ಪತ್ತು ಕಿಲೋಮೀಟರಿಗೆ ಮೂರೂವರೆ ತಾಸು ಏಕೆ ಎಂದರೆ, ತುಳಿಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ನೀವು ದುಡ್ಡು ಕೊಡುವುದು ಆ ನಿಲ್ಲುವುದಕ್ಕೆ.

ಆ ನಿಲುಗಡೆಗಳಲ್ಲಿ ಒಂದನ್ನು ಹೇಳುತ್ತೇನೆ. ಮೇ ಕೊನೆಯ ಹೊತ್ತು, ನಾಟಿ ಆಗಷ್ಟೇ ಮುಗಿದಿತ್ತು. ರಸ್ತೆಯ ಪಕ್ಕ ಒಂದು ಮೊಳ ಅಗಲದ ಕಾಂಕ್ರೀಟ್ ಕಾಲುವೆ, ಅದರಲ್ಲಿ ಸದ್ದು ಮಾಡುತ್ತ ಓಡುವ ತಣ್ಣನೆಯ ನೀರು. ತಲೆಗೆ ಬಟ್ಟೆ ಕಟ್ಟಿಕೊಂಡ ಅಜ್ಜಿಯೊಬ್ಬರು ಕಾಲುವೆಯ ಬಾಯಿಗೆ ಅಡ್ಡ ಇಟ್ಟಿದ್ದ ಮರದ ಹಲಗೆಯನ್ನು ಎರಡು ಬೆರಳಿನಷ್ಟು ಮೇಲೆತ್ತಿ, ಸಂದಿಗೆ ಒಂದು ಕಲ್ಲು ಸಿಕ್ಕಿಸಿ, ನೀರು ಗದ್ದೆಗೆ ತಿರುಗುವುದನ್ನು ನೋಡುತ್ತ ನಿಂತಿದ್ದರು. ನಮ್ಮ ಗೈಡ್ ದೂರದಿಂದಲೇ ಸೈಕಲ್ ಇಳಿದು, ತಲೆಬಾಗಿ, ಅವರ ಹೆಸರು ಹಿಡಿದು ಮಾತನಾಡಿಸಿದಳು. ಆಮೇಲೆ ನಮ್ಮನ್ನು ಹತ್ತಿರ ಕರೆದಳು. ಒಬ್ಬನೇ ಇದ್ದಿದ್ದರೆ ನಾನು ಒಂದು ಫೋಟೋ ತೆಗೆದು ಮುಂದೆ ಹೋಗುತ್ತಿದ್ದೆ. ಆ ಅಜ್ಜಿಯೂ ನನ್ನನ್ನು ದಾರಿಹೋಕನೆಂದು ನೋಡಿ ಸುಮ್ಮನಾಗುತ್ತಿದ್ದರು.

ನನ್ನ ತಂದೆಯ ಊರು ತುಮಕೂರು ಜಿಲ್ಲೆಯಲ್ಲಿ, ಕೆರೆಯ ಅಚ್ಚುಕಟ್ಟಿನ ಕೆಳಗೆ. ನೀರುಗಂಟಿ ತೂಬು ಎತ್ತಿ ಯಾರ ಗದ್ದೆಗೆ ಯಾವಾಗ ನೀರು ಎಂದು ಹೇಳುತ್ತಿದ್ದ ಕಾಲದ ಮಾತುಗಳನ್ನು ಕೇಳಿ ಬೆಳೆದವನು ನಾನು. ಹಾಗಾಗಿ ಇಲ್ಲಿ ನೀರು ಬಿಡುವವರು ಯಾರು ಎಂದು ಕೇಳಿದೆ. ಗೈಡ್ ಅದನ್ನು ಅಜ್ಜಿಗೆ ದಾಟಿಸಿದಳು. ಅಜ್ಜಿ ಹಲಗೆ ಬಿಟ್ಟು ನಮ್ಮ ಕಡೆ ತಿರುಗಿ ಮಾತಿಗೆ ನಿಂತರು. ವಸಂತದಲ್ಲಿ ಮನೆಗೊಬ್ಬರಂತೆ ಬಂದು ಎಲ್ಲರೂ ಸೇರಿ ಕಾಲುವೆಯ ಹೂಳು ತೆಗೆಯುತ್ತಾರೆ. ಬಾರದ ಮನೆ ಮುಖ ಉಳಿಸಿಕೊಳ್ಳುವುದು ಕಷ್ಟ. ಮೇಲಿನ ಗದ್ದೆಯವರು ಕೆಳಗಿನವರನ್ನು ನೆನಪಿಟ್ಟುಕೊಂಡು ಹಲಗೆ ಎತ್ತಬೇಕು. ಈಗ ಹೂಳು ತೆಗೆಯಲು ಬರುವವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು, ಮಕ್ಕಳೆಲ್ಲ ನಾಗೋಯಾ ಕಡೆ ಹೋಗಿದ್ದಾರೆ ಎಂದರು. ಆಮೇಲೆ ಗದ್ದೆಯ ಮೂಲೆ ತೋರಿಸಿದರು. ನಾಟಿ ಯಂತ್ರ ತಿರುಗುವ ಕಡೆ ಸಸಿ ಬೀಳುವುದಿಲ್ಲ, ಅಲ್ಲಿ ಕೈಯಿಂದಲೇ ನೆಡಬೇಕು. ಯಂತ್ರದ ಸಾಲು ಗೆರೆ ಎಳೆದಂತೆ ನೇರ. ಮೂಲೆಯಲ್ಲಿ ಅಜ್ಜಿ ನೆಟ್ಟದ್ದು ಕೊಂಚ ಒತ್ತೊತ್ತಾಗಿತ್ತು. ಸತ್ತ ಸಸಿಯ ಜಾಗ ತುಂಬಲು ಒಂದು ಹಿಡಿ ಸಸಿಯನ್ನು ಬದುವಿನ ಪಕ್ಕ ನೀರಿನಲ್ಲಿ ಇಟ್ಟಿದ್ದರು. ಹೊರಡುವಾಗ ಡಬ್ಬಿ ತೆರೆದು, ಆ ಸೀಮೆಯ ಕೆಂಪು ಟರ್ನಿಪ್ ಗೆಡ್ಡೆಯ ಉಪ್ಪಿನಕಾಯಿಯನ್ನು ಎಲ್ಲರ ಅಂಗೈಗೂ ಒಂದೊಂದು ಹೋಳು ಹಾಕಿದರು.

ಇದೆಲ್ಲ ಯಾವ ನಕ್ಷೆಯಲ್ಲೂ ಸಿಗುವುದಿಲ್ಲ ಎಂಬುದು ಒಂದು ಮಾತು. ಅದಕ್ಕಿಂತ ದೊಡ್ಡ ಮಾತು, ಇದನ್ನು ನಾವಾಗಿ ಕೇಳಿ ಪಡೆಯುವ ಹಕ್ಕು ನಮಗಿಲ್ಲ. ಆ ಕಾಲುವೆಯ ಪಕ್ಕದ ದಾರಿ ಗದ್ದೆಯವರ ದಾರಿ. ಬದುವಿನ ಮೇಲೆ ಸೈಕಲ್ ಹತ್ತಿಸಿದರೆ ಮಣ್ಣು ಕುಸಿದು ನೀರು ಸೋರುತ್ತದೆ. ಗದ್ದೆಯ ಸುತ್ತ ಕಾಡುಹಂದಿ ತಡೆಯಲು ತಂತಿ ಎಳೆದಿರುತ್ತಾರೆ, ನಮ್ಮ ರೈತರು ಐಬೆಕ್ಸ್ ಬೇಲಿ ಎನ್ನುತ್ತಾರಲ್ಲ, ಅಂಥದ್ದು. ಅದರಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ, ಮುಟ್ಟಬಾರದು. ಗೈಡ್ ಆದವಳು ವರ್ಷವಿಡೀ ಅದೇ ಊರಿನಲ್ಲಿದ್ದು, ಹೂಳು ತೆಗೆಯಲು ಹೋಗಿ, ಹಬ್ಬದಲ್ಲಿ ಕೆಲಸ ಮಾಡಿ, ಹೊರಗಿನವರು ಎಲ್ಲಿ ನಿಲ್ಲಬಹುದು ಎಂಬುದನ್ನು ಮನೆಮನೆಯವರ ಜೊತೆ ಮಾತನಾಡಿಕೊಂಡು ಒಪ್ಪಿಗೆ ಪಡೆದಿರುತ್ತಾಳೆ. ನಾವು ತೆರುವ ಹಣ ಆ ಒಪ್ಪಿಗೆಯನ್ನು ಕಾಪಾಡಿಕೊಳ್ಳುವ ಕೆಲಸಕ್ಕೆ ಹೋಗುತ್ತದೆ. ಪ್ರವಾಸಿಗರು ಅಂಗಳಕ್ಕೆ ನುಗ್ಗಿ ಫೋಟೋ ತೆಗೆಯುತ್ತಾರೆಂದು ಜಪಾನಿನ ಎಷ್ಟೋ ಊರುಗಳು ಬೇಸತ್ತಿರುವ ಈ ದಿನಗಳಲ್ಲಿ ಇದನ್ನು ಸಣ್ಣ ವಿಷಯ ಎಂದು ನಾನು ಎಣಿಸಲಾರೆ.

ಊರೊಳಗೂ ಹೀಗೆಯೇ. ಸೆತೋಗಾವಾ ಎಂಬ ಕಾಲುವೆಯ ಪಕ್ಕ ಬಿಳಿ ಗೋಡೆಯ ಉಗ್ರಾಣಗಳ ಸಾಲಿದೆ, ನೀರಿನಲ್ಲಿ ಬಣ್ಣಬಣ್ಣದ ದೊಡ್ಡ ಮೀನುಗಳು. ಎಲ್ಲರೂ ಮೀನಿನ ಫೋಟೋ ತೆಗೆಯುತ್ತಾರೆ. ಆ ಕಾಲುವೆಯನ್ನು ಸುಮಾರು 400 ವರ್ಷಗಳ ಹಿಂದೆ ಹೊಸ ಗದ್ದೆಗಳಿಗೆ ನೀರು ಕೊಡಲೆಂದು ತೆಗೆದದ್ದು. 1960ರ ದಶಕದಲ್ಲಿ ಅದು ಕೊಳೆತು ನಾರುವ ಸ್ಥಿತಿಗೆ ಬಂದಾಗ, ಊರಿನವರು ಸ್ವಚ್ಛಗೊಳಿಸಿ ಮೀನು ಬಿಟ್ಟರು. ಮೀನಿರುವ ನೀರಿಗೆ ಕಸ ಎಸೆಯಲು ಯಾರ ಕೈಯೂ ಬರಲಿಲ್ಲ. ಚಳಿಗಾಲದಲ್ಲಿ ಛಾವಣಿಯ ಹಿಮವನ್ನು ಇದೇ ಕಾಲುವೆಗೆ ತಳ್ಳುವುದರಿಂದ, ನವೆಂಬರ್ ಕೊನೆಗೆ ಮೀನುಗಳನ್ನೆಲ್ಲ ಹಿಡಿದು ಕೊಳಕ್ಕೆ ಸಾಗಿಸಿ ಏಪ್ರಿಲ್‌ನಲ್ಲಿ ಮರಳಿ ತರುತ್ತಾರೆ. ನೀವು ಅಕ್ಟೋಬರ್‌ನಲ್ಲಿ ಹೋಗುವುದರಿಂದ ಮೀನುಗಳು ಕಾಲುವೆಯಲ್ಲೇ ಇರುತ್ತವೆ.

ಮನೆಗಳ ಸೂರಿನಡಿ ಕತ್ತೆತ್ತಿ ನೋಡಿ. ತೊಲೆಯ ತುದಿಯಲ್ಲಿ ಬಿಳಿ ಬಣ್ಣ ಬಳಿದ ಸುರುಳಿ ಕೆತ್ತನೆಗಳಿವೆ. ಒಬ್ಬೊಬ್ಬ ಬಡಗಿಯದು ಒಂದೊಂದು ವಿನ್ಯಾಸ. ಬಲ್ಲವರು ಕೆತ್ತನೆ ನೋಡಿಯೇ ಮನೆ ಕಟ್ಟಿದವರು ಯಾರೆಂದು ಹೇಳುತ್ತಾರೆ. ಈ ಸೀಮೆಯ ಬಡಗಿಗಳ ಹೆಸರು ತೀರ ಹಳೆಯದು. ಎಂಟನೆಯ ಶತಮಾನದ ಕಾನೂನಿನಲ್ಲೇ ಹಿದಾ ಸೀಮೆಗೆ ಕೆಲವು ತೆರಿಗೆಗಳಿಂದ ವಿನಾಯಿತಿ ಕೊಟ್ಟು, ಬದಲಿಗೆ ರಾಜಧಾನಿಗೆ ಬಡಗಿಗಳನ್ನು ಕಳುಹಿಸಬೇಕೆಂದು ವಿಧಿಸಿದ್ದರು. ದವಸ ಹೆಚ್ಚು ಬೆಳೆಯದ ಬೆಟ್ಟದ ಸೀಮೆ ತನ್ನ ಜನರ ಕೈಕೆಲಸವನ್ನೇ ತೆರಿಗೆಯಾಗಿ ತೆತ್ತಿತು. 1904ರಲ್ಲಿ ಪಟ್ಟಣದ ಬಹುಭಾಗ ಬೆಂಕಿಗೆ ಆಹುತಿಯಾಯಿತು. ಈಗ ಕಾಣುವುದು ಅದರ ನಂತರ ಅದೇ ಪರಂಪರೆಯವರು ಮತ್ತೆ ಕಟ್ಟಿದ ಊರು. ಪಕ್ಕದ ಮನೆಗಿಂತ ಎದ್ದು ಕಾಣುವಂತೆ ಕಟ್ಟಬಾರದು ಎಂಬ ಕಟ್ಟುಪಾಡು ಇಂದಿಗೂ ಗಟ್ಟಿಯಾಗಿದೆ.

ಇನ್ನು ಮೊಬೈಲ್ ನಕ್ಷೆಯ ಮಾತು. ಜಪಾನಿನಲ್ಲಿ ಸೈಕಲ್ ಕೂಡ ವಾಹನವೇ. ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲಿ ಹೋಗಬೇಕು, ಅಷ್ಟರಮಟ್ಟಿಗೆ ನಿಮಗೆ ಸಲೀಸು. ಆದರೆ 2024ರ ನವೆಂಬರ್‌ನಿಂದ ಕಾನೂನು ಬಿಗಿಯಾಗಿದೆ. ಸೈಕಲ್ ಓಡಿಸುತ್ತ ಕೈಯಲ್ಲಿ ಫೋನ್ ಹಿಡಿದು ನೋಡಿದರೆ ಆರು ತಿಂಗಳವರೆಗೆ ಸೆರೆ ಅಥವಾ ಒಂದು ಲಕ್ಷ ಯೆನ್‌ವರೆಗೆ ದಂಡ ವಿಧಿಸಲು ಅವಕಾಶವಿದೆ. ಕುಡಿದು ಸೈಕಲ್ ಓಡಿಸುವುದಕ್ಕೆ ಶಿಕ್ಷೆ ಇನ್ನೂ ಕಠಿಣ. ಫುರುಕಾವಾದಲ್ಲಿ ಸಾಕೆ ಎಂಬ ಅಕ್ಕಿ ಮದ್ಯದ ಹಳೆಯ ತಯಾರಕರ ಅಂಗಡಿಗಳಿವೆ, ರುಚಿ ನೋಡಲು ಕೊಡುತ್ತಾರೆ. ಆಸಕ್ತಿ ಇದ್ದರೆ ಸೈಕಲ್ ಒಪ್ಪಿಸಿದ ಮೇಲೆ ಹೋಗಿ. ಹೆಲ್ಮೆಟ್ ಧರಿಸಬೇಕೆಂದು 2023ರ ಏಪ್ರಿಲ್‌ನಿಂದ ಕಾನೂನು ಹೇಳುತ್ತದೆ, ದಂಡವಿಲ್ಲದಿದ್ದರೂ ಧರಿಸಿ. ಗೈಡ್ ಪ್ರವಾಸದಲ್ಲಿ ಅದನ್ನು ಅವರೇ ಕೊಡುತ್ತಾರೆ. ವಿಮೆ ಸೇರಿದೆಯೇ ಎಂಬುದನ್ನು ಮಾತ್ರ ಕಾಯ್ದಿರಿಸುವಾಗ ಕೇಳಿ.

ಊಟದ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಮಾಂಸ ಬೇಡ, ಮೀನು ಬೇಡ ಎಂದಷ್ಟೇ ಹೇಳಿದರೆ ಸಾಲದು. ಜಪಾನಿನ ಸಾರುಗಳಲ್ಲಿ ಬಹುಪಾಲು ಒಣಮೀನಿನ ರಸ ಸೇರಿರುತ್ತದೆ. ಸೋಬಾ, ಅಂದರೆ ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನ ಶಾವಿಗೆ, ನೋಡಲು ಶುದ್ಧ ಸಸ್ಯಾಹಾರ, ಅದ್ದಿಕೊಳ್ಳುವ ರಸದಲ್ಲಿ ಮೀನು. ಆದ್ದರಿಂದ ಒಣಮೀನಿನ ರಸವೂ ಬೇಡ ಎಂದು ಮುಂಚೆಯೇ ಬರೆದು ತಿಳಿಸಿ. ದಾರಿಯಲ್ಲಿ ಗೋಹೆಯಿ ಮೋಚಿ ಸಿಗುತ್ತದೆ: ಕುಟ್ಟಿದ ಅನ್ನವನ್ನು ಮರದ ಕಡ್ಡಿಗೆ ಮೆತ್ತಿ, ಮೇಲೆ ಗೊಜ್ಜು ಸವರಿ ಕೆಂಡದ ಮೇಲೆ ಸುಡುತ್ತಾರೆ. ಹಿದಾ ಕಡೆ ಆ ಗೊಜ್ಜಿಗೆ ಎಗೋಮಾ ಎಂಬ ಎಣ್ಣೆಕಾಳನ್ನು ಅರೆದು ಹಾಕುತ್ತಾರೆ, ಪರಿಮಳ ನಮ್ಮ ನಾಲಿಗೆಗೆ ತಕ್ಷಣ ಒಗ್ಗುತ್ತದೆ. ಗೊಜ್ಜಿನಲ್ಲಿ ಏನೇನಿದೆ ಎಂದು ಗೈಡ್ ಮೂಲಕ ಕೇಳಿಸಿ ತಿನ್ನಿ. ಬೆಳಗಿನ ತಿಂಡಿಯನ್ನು ಗಟ್ಟಿಯಾಗಿ ಮಾಡಿಕೊಂಡೇ ಹೊರಡುವುದು ಒಳ್ಳೆಯದು.

ಗೈಡ್ ಪ್ರವಾಸಗಳೆಲ್ಲ ಒಂದೇ ಗುಣದವಲ್ಲ. ಆರಿಸುವಾಗ ನಾನು ನೋಡುವುದು ಗೈಡ್ ಅದೇ ಊರಿನಲ್ಲಿ ವಾಸವಾಗಿದ್ದಾರೆಯೇ ಎಂಬುದನ್ನು. ಗುಂಪು ಎಂಟು ಹತ್ತು ಜನರನ್ನು ಮೀರಿದರೆ ಗದ್ದೆಯ ಬದಿಯಲ್ಲಿ ಮಾತುಕತೆ ಸಾಧ್ಯವಾಗದು, ಅಂಥದ್ದನ್ನು ಬಿಡುತ್ತೇನೆ. ಒಂದೇ ದಿನದಲ್ಲಿ ಐದಾರು ಪ್ರಸಿದ್ಧ ಜಾಗಗಳನ್ನು ಸುತ್ತಿಸುವ, ಮಧ್ಯೆ ಬಸ್ ಹತ್ತಿಸುವ ಪ್ರವಾಸಗಳಿಗೆ ನಾನು ಹೋಗುವುದಿಲ್ಲ, ನಿಮಗೂ ಹೇಳುವುದಿಲ್ಲ.

ಅಕ್ಟೋಬರ್ ಒಳ್ಳೆಯ ಆಯ್ಕೆ. ಕೊಯ್ಲು ಮುಗಿಯುತ್ತಿರುವ ಹೊತ್ತು. ಕೆಲವರು ಇನ್ನೂ ಹಳೆಯ ರೀತಿಯಲ್ಲಿ ಬತ್ತದ ಸಿವುಡುಗಳನ್ನು ಮರದ ಅಡ್ಡಗಳಕ್ಕೆ ತಲೆಕೆಳಗಾಗಿ ತೂಗುಹಾಕಿ ಬಿಸಿಲಿಗೆ ಒಣಗಿಸುತ್ತಾರೆ. ಬೆಳಿಗ್ಗೆ ಕಣಿವೆಯಲ್ಲಿ ದಟ್ಟ ಮಂಜು ಕೂರುತ್ತದೆ, ಬಿಸಿಲೇರಿದ ಮೇಲೆ ಕರಗುತ್ತದೆ. ಚಳಿ ಇರುತ್ತದೆ, ತಾಯಿಯವರಿಗೆ ತೆಳುವಾದ ಸ್ವೆಟರ್, ಗಾಳಿ ತಡೆಯುವ ಮೇಲಂಗಿ, ಕೈಗವಸು ಇರಲಿ. ಸೀರೆ ಉಡುವವರಾದರೆ ಆ ದಿನದ ಮಟ್ಟಿಗೆ ಚೂಡಿದಾರ್ ಹಾಕಿ, ದುಪಟ್ಟಾ ಬೇಡ.

ಕ್ಯೋಟೋದಿಂದ ಬುಲೆಟ್ ರೈಲು ಶಿಂಕಾನ್ಸೆನ್‌ನಲ್ಲಿ ನಾಗೋಯಾ, ಅಲ್ಲಿಂದ ಹಿದಾ ಎಂಬ ಎಕ್ಸ್‌ಪ್ರೆಸ್ ರೈಲಿನಲ್ಲಿ ತಕಾಯಾಮಾಕ್ಕೆ ಸುಮಾರು ಎರಡೂವರೆ ತಾಸು. ಕೆಲವು ರೈಲುಗಳು ನೇರವಾಗಿ ಫುರುಕಾವಾಕ್ಕೂ ಹೋಗುತ್ತವೆ. ಹೋಗಿ ಅದೇ ದಿನ ಮರಳುವ ಲೆಕ್ಕ ಹಾಕಬೇಡಿ, ತಾಯಿಯವರಿಗೆ ದಣಿವಾಗುತ್ತದೆ. ಹಿಂದಿನ ಸಂಜೆಯೇ ಹೋಗಿ ಅಲ್ಲೇ ತಂಗಿ.

ತಾಯಿಯವರು ಸೈಕಲ್ ಬಿಟ್ಟು ಬಹಳ ವರ್ಷವಾಗಿದೆ ಎಂದು ಬರೆದಿದ್ದೀರಿ. ಕಾಯ್ದಿರಿಸುವಾಗಲೇ ಅವರ ಎತ್ತರವನ್ನು ಸೆಂಟಿಮೀಟರ್‌ನಲ್ಲಿ ತಿಳಿಸಿ, ಬ್ಯಾಟರಿ ನೆರವಿನ ಸೈಕಲ್ ಇದೆಯೇ ಎಂದು ಕೇಳಿ. ಹೊರಡುವ ಮೊದಲು ಊರಿನಲ್ಲೇ ಒಂದೆರಡು ವಾರ ಯಾವುದಾದರೂ ಮೈದಾನದಲ್ಲಿ ತುಳಿದು ಅಭ್ಯಾಸ ಮಾಡಿಸಿ. ಬ್ರೇಕ್ ಹಿಡಿದು ನಿಲ್ಲಿಸಿ ಕಾಲೂರುವುದು ಸರಾಗವಾದರೆ ಸಾಕು, ಉಳಿದದ್ದನ್ನು ಗೈಡ್ ನೋಡಿಕೊಳ್ಳುತ್ತಾರೆ. ಅದು ಆಗದಿದ್ದರೆ ಸೈಕಲ್ ಬಿಟ್ಟು, ಇದೇ ಊರಿನಲ್ಲಿ ಗೈಡ್ ಜೊತೆ ನಡೆದು ನೋಡುವ ಪ್ರವಾಸವಿದೆಯೇ ಎಂದು ವಿಚಾರಿಸಿ.